ಸಹಿಯ ಕೆಳಗಿನ ಹದಿನಾಲ್ಕು

ಯಾವುದೇ ಕರಾರುಪತ್ರ ಕೈಗೆ ಬಂದರೂ ನಾನು ಕೊನೆಯ ಪುಟದಿಂದ ಓದಲು ಶುರುಮಾಡುತ್ತೇನೆ. ಸಹಿ ಮಾಡುವವರು ಯಾರು, ಅವರಿಗೆ ಆ ಭಾಷೆ ಬರುತ್ತದೆಯೇ, ಸಹಿ ಹಾಕುವಾಗ ಪಕ್ಕದಲ್ಲಿ ನಿಂತವರು ಏನು ಹೇಳಿದರು ಎಂದು ಮೊದಲು ಕೇಳುತ್ತೇನೆ. ಬ್ಯಾಂಕಿನವರಿಗೆ, ಮನೆ ಮಾಲೀಕರಿಗೆ ಇದರಿಂದ ತಲೆಬೇನೆ. ಆಗಲಿ. ಈ ಚಾಳಿ ನನಗೆ ಗೋವಾದಲ್ಲಿ ಅಂಟಿತು. ಅದಕ್ಕೂ ಮೊದಲು ನಾನು ಕಾಗದ ಓದುತ್ತಿರಲಿಲ್ಲ ಎಂದಲ್ಲ. ಓದುತ್ತಿದ್ದೆ, ನನ್ನ ಪಾಲು ಎಲ್ಲಿದೆ ಎಂದು ಹುಡುಕಲು ಮಾತ್ರ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಧಾರವಾಡದಲ್ಲಿ ಇಂಜಿನಿಯರಿಂಗ್ ಮುಗಿಸಿ, ಎರಡು ಕಡೆ ನೌಕರಿ ಮಾಡಿ, ಎರಡೂ ಕಡೆ ಸಾಹೇಬರ ಜೊತೆ ಜಗಳವಾಡಿ ಬಿಟ್ಟು, ಕಾಲೇಜಿನ ಗೆಳೆಯನೊಬ್ಬನ ಜೊತೆ ಸೇರಿ ನಾನೊಂದು ಕಂಪನಿ ತೆರೆದಿದ್ದೆ. ಅವನು ಕಾರವಾರದವನು. ಮನೆಮಾತು ಕೊಂಕಣಿಯಾದ್ದರಿಂದ ಅವನ ಕನ್ನಡ ಪಠ್ಯಪುಸ್ತಕದಿಂದ ಇಳಿದುಬಂದ ಹಾಗಿತ್ತು. ಕಂಪನಿ ಎಂದರೆ ಕುಂಡಯಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪ್ಲಾಸ್ಟಿಕ್ ಡಬ್ಬಿ ಮಾಡುವ ಕಾರ್ಖಾನೆಯ ಮೇಲಿನ ಒಂದು ಕೋಣೆ. ಕೆಳಗೆ ಯಂತ್ರ ಓಡಿದಾಗಲೆಲ್ಲ ನಮ್ಮ ಕಂಪ್ಯೂಟರಿನ ಮೇಜು ನಡುಗುತ್ತಿತ್ತು. ನನಗೆ ಹೇಗೂ ಕೂತಲ್ಲಿ ಕೂರುವ ಸ್ವಭಾವವಿಲ್ಲ. ಕಾಲು ಕುಣಿಸುತ್ತಲೇ ಇರುತ್ತೇನೆ. ಆ ಕೋಣೆಯಲ್ಲಿ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಕೆಲಸ ಕಂಪ್ಯೂಟರಿಗೆ ಕಬ್ಬಿಣದ ಅದಿರನ್ನು ನೋಡಲು ಕಲಿಸುವುದು. ಕೃತಕ ಬುದ್ಧಿಮತ್ತೆ ಎಂದರೆ ಜನ ಆಗ ನಗುತ್ತಿದ್ದರು. ಫೋಂಡಾದ ನಮ್ಮ ಮನೆ ಮಾಲೀಕರಂತೂ ‘ಮನುಷ್ಯರ ಬುದ್ಧಿಗೇ ಗಿರಾಕಿ ಇಲ್ಲ, ನಿಮ್ಮ ಯಂತ್ರದ್ದನ್ನು ಯಾರು ಕೇಳುತ್ತಾರೆ’ ಎಂದಿದ್ದರು. ಆದರೆ ಕೇಳುವವರಿದ್ದರು. ಗಣಿಯಿಂದ ಬಂದ ಪುಡಿ ಅದಿರು ನದಿ ದಂಡೆಯ ಜೆಟ್ಟಿಯಲ್ಲಿ ಬಾರ್ಜು ಎಂಬ ಚಪ್ಪಟೆ ದೋಣಿಗಳನ್ನು ತುಂಬಿ, ನದಿಯಲ್ಲಿ ತೇಲಿ ಮುರ್ಮುಗಾಂವ್ ಬಂದರಿಗೆ ಹೋಗಿ ಹಡಗು ಸೇರುತ್ತದೆ. ಅದರಲ್ಲಿ ನೀರಿನ ಅಂಶ ಹೆಚ್ಚಿದ್ದರೆ ಸಮುದ್ರದ ಕುಲುಕಾಟಕ್ಕೆ ಅದು ಕೆಸರಾಗುತ್ತದೆ, ಒಂದು ಕಡೆಗೆ ಸರಿಯುತ್ತದೆ, ಹಡಗು ವಾಲುತ್ತದೆ. ಪ್ರಯೋಗಾಲಯಕ್ಕೆ ಮಾದರಿ ಕಳಿಸಿದರೆ ಒಣಗಿಸಿ, ತೂಗಿ, ವರದಿ ಬರುವುದು ಮರುದಿನ. ಅಲ್ಲಿಯವರೆಗೆ ಬಾರ್ಜು ಕಾಯಬೇಕು. ಫೋಟೋ ನೋಡಿ ಅಲ್ಲೇ, ಆಗಲೇ ಹೇಳುವ ಯಂತ್ರವಿದ್ದರೆ ಹೇಗೆ? ಇದು ನಮ್ಮ ಯೋಚನೆ.

ಯೋಚನೆ ನಮ್ಮದು ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಖರೇ ಹೇಳಬೇಕೆಂದರೆ ಅದು ಹೊಳೆದದ್ದು ವಾಸ್ಕೋ ಕಡೆಯ ಒಂದು ಜೆಟ್ಟಿಯಲ್ಲಿ, ಅಲ್ಲಿನ ಮುಕಾದಮರನ್ನು ನೋಡಿದಾಗ. ಅವರು ವಿಜಾಪುರದ ಕಡೆಯವರು. ಹದಿನಾಲ್ಕು ಜನರ ಗ್ಯಾಂಗಿಗೆ ಮುಖ್ಯಸ್ಥರು. ಹಮಾಲಿಗೆಂದು ಬಂದವರು ಬಂದರಿನಲ್ಲೇ ಮೂವತ್ತು ವರ್ಷ ಕಳೆದಿದ್ದರು. ರಾಶಿಯಿಂದ ಒಂದು ಹಿಡಿ ಅದಿರು ತೆಗೆದು, ಮುಷ್ಟಿಯಲ್ಲಿ ಒತ್ತಿ, ಮೊಣಕಾಲಿನ ಎತ್ತರದಿಂದ ಒಂದು ಕಬ್ಬಿಣದ ತಗಡಿನ ಮೇಲೆ ಬಿಡುತ್ತಿದ್ದರು. ಅದು ಒಡೆದ ರೀತಿ ನೋಡಿ ‘ಒಣಾ ಐತಿ’, ‘ನಡೀತೈತಿ’, ‘ಬ್ಯಾಡ’ ಎಂದು ಮೂರರಲ್ಲಿ ಒಂದು ಮಾತು ಹೇಳುತ್ತಿದ್ದರು. ಬ್ಯಾಡ ಎಂದರೆ ಬ್ಯಾಡ. ಬಾರ್ಜಿನ ಕ್ಯಾಪ್ಟನ್ನು ಮರುದಿನದ ವರದಿಗೆ ಕಾಯುತ್ತಲೇ ಇರಲಿಲ್ಲ.

ಆ ಉಂಡೆಗೆ ಅವರು ಇಟ್ಟಿದ್ದ ಹೆಸರು ಮುಟಗಿ. ನಮ್ಮ ಕಡೆ ಬಿಸಿ ಜೋಳದ ರೊಟ್ಟಿಗೆ ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಕುಟ್ಟಿ, ಮುಷ್ಟಿಯಲ್ಲಿ ಒತ್ತಿ ಮಾಡುವ ಮುಟಗಿಯನ್ನು ತಿಂದು ಬೆಳೆದವಳು ನಾನು. ಕೆಂಪು ಮಣ್ಣಿನ ಮುಟಗಿ ನೋಡಿ ಜೋರಾಗಿ ನಕ್ಕೆ.

“ನಗಬ್ಯಾಡ್ರಿ ಅಕ್ಕಾರ,” ಎಂದರು. “ನಮ್ಮವ್ವ ಮುಟಗಿ ಮಾಡೂವಾಗ ಎಣ್ಣಿ ಸಾಕೋ ಬೇಕೋ ಅಂತ ಹಿಂಗಽ ಒತ್ತಿ ನೋಡ್ತಿದ್ಲು. ನಾ ಕಲ್ತಿದ್ದು ಅಲ್ಲೇ. ಬಂದರದಾಗ ಯಾರ ಕಲಿಸ್ತಾರ?”

ಆ ಇಡೀ ಸೀಜನ್ನು, ಮುಂದಿನ ಮಳೆಗಾಲದಲ್ಲಿ ಬಾರ್ಜು ಕಡಿಮೆಯಾಗುವವರೆಗೆ, ಸ್ಕೂಟರ್ ಹತ್ತಿ ಬೋರಿಂ ಸೇತುವೆ ದಾಟಿ ಆ ಜೆಟ್ಟಿಗೆ ಹೋಗಿ ನಿಲ್ಲುವುದೇ ನನ್ನ ಕೆಲಸವಾಯಿತು. ಗ್ಯಾಂಗಿನವರು ರಾಶಿಯ ಬೇರೆ ಬೇರೆ ಮೂಲೆಯಿಂದ ಹಿಡಿ ಹಿಡಿ ತಂದು ಕೊಡುತ್ತಿದ್ದರು. ಮುಕಾದಮರು ಒತ್ತಿ ಬಿಡುತ್ತಿದ್ದರು. ನಾನು ಒಡೆದ ಮುಟಗಿಯ ಫೋಟೋ ತೆಗೆದು, ಅವರ ಮಾತನ್ನು ಕೆಳಗೆ ಬರೆದುಕೊಳ್ಳುತ್ತಿದ್ದೆ. ಅವರಿಲ್ಲದ ದಿನ ಗ್ಯಾಂಗಿನ ಇಬ್ಬರು ಮೂವರು ಹಿರಿಯರು ಆ ಕೆಲಸ ಮಾಡುತ್ತಿದ್ದರು. ಅವರ ಕೈಯೂ ಪಳಗಿತ್ತು. ಸಂಜೆ ಕುಂಡಯಿಗೆ ಮರಳಿ ಫೋಟೋಗಳನ್ನೆಲ್ಲ ಯಂತ್ರಕ್ಕೆ ತೋರಿಸುತ್ತಿದ್ದೆವು. ಇದು ಒಣ, ಇದು ನಡೆಯುತ್ತದೆ, ಇದು ಬೇಡ. ಮಗುವಿಗೆ ಬಣ್ಣ ಕಲಿಸಿದ ಹಾಗೆ, ಸಾವಿರ ಸಲ. ಒಂದು ದಿನ ಯಂತ್ರ ತಾನಾಗಿಯೇ, ನಾವು ಹಿಂದೆಂದೂ ತೋರಿಸದಿದ್ದ ಹೊಸ ಫೋಟೋವನ್ನು ನೋಡಿ ‘ಬೇಡ’ ಎಂದಿತು. ಮುಕಾದಮರೂ ಅದನ್ನು ಬ್ಯಾಡ ಎಂದಿದ್ದರು. ನಾನು ಕುಣಿದೆ, ಅಕ್ಷರಶಃ. ಕೆಳಗಿನ ಕಾರ್ಖಾನೆಯವರು ಮೇಲೆ ಬಂದು ಏನಾಯಿತೆಂದು ಕೇಳಿದರು.

ಇದಾದ ಮೇಲೆ ಹೂಡಿಕೆದಾರರೊಬ್ಬರು ಬಂದರು. ಮಡಗಾಂವಿನ ವ್ಯಾಪಾರಿ ಮನೆತನದವರು, ನಾಲ್ಕಾರು ಬಾರ್ಜುಗಳ ಒಡೆಯರು. ಮೆಲುಮಾತಿನ ಮನುಷ್ಯ. ನನ್ನ ಗೆಳೆಯನ ಜೊತೆ ಕೊಂಕಣಿಯಲ್ಲಿ, ನನ್ನ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಅವರನ್ನು ಖಳನಾಯಕನನ್ನಾಗಿ ಮಾಡಿಬಿಟ್ಟರೆ ನನಗೆ ಅನುಕೂಲ, ಆದರೆ ಅವರು ಹಾಗಿರಲಿಲ್ಲ. ಬಂಡವಾಳ ಹಾಕಲು ಒಪ್ಪಿದರು. ಅವರ ವಕೀಲರು ಪಣಜಿಯಲ್ಲಿದ್ದರು. ಕರಾರಿನ ಕರಡು ಅಲ್ಲಿಂದ ಬಂತು.

ಅದರಲ್ಲಿ ಬೌದ್ಧಿಕ ಆಸ್ತಿ ಎಂಬ ತಲೆಬರಹದ ಕೆಳಗೆ ನಾಲ್ಕು ವಸ್ತುಗಳ ಹೆಸರಿತ್ತು. ನಾವು ಬರೆದ ಪ್ರೋಗ್ರಾಂ, ನಾವು ತೆಗೆದ ಫೋಟೋಗಳು, ಯಂತ್ರ ಕಲಿತದ್ದು, ಮತ್ತು ಫೋಟೋಗಳಿಗೆ ತೀರ್ಪು ಕೊಟ್ಟ ಪದ್ಧತಿ. ಈ ನಾಲ್ಕೂ ಹೂಡಿಕೆದಾರರಿಗೆ ಸೇರತಕ್ಕದ್ದು ಎಂದಿತ್ತು. ನನ್ನ ಮೂಗಿನ ತುದಿಯ ಸಿಟ್ಟು ಹಾರಿಬಿತ್ತು. ಪಣಜಿಗೆ ಹೋಗಿ ವಕೀಲರ ಮೇಜು ಕುಟ್ಟಿದೆ.

ವಕೀಲರು ಬಿಳಿಗೂದಲಿನವರು, ಅವಸರವಿಲ್ಲದವರು. “ನೋಡಿ ಮೇಡಂ,” ಎಂದರು ಹಿಂದಿಯಲ್ಲಿ. “ಅವರು ಬಾರ್ಜು ಕೊಂಡರೆ ಅದನ್ನು ದಡಕ್ಕೆ ಕಟ್ಟಿಹಾಕಬಹುದು. ನೀವು ಮಾರುತ್ತಿರುವುದನ್ನು ಎಲ್ಲಿಗೆ ಕಟ್ಟಬೇಕು? ನಾಳೆ ನೀವಿಬ್ಬರೂ ಎದ್ದು ಹೋದರೆ ಅವರ ಕೈಯಲ್ಲಿ ಉಳಿಯುವುದೇನು? ಕಾಗದ ಒಂದೇ ತಾನೇ.”

ಮಾತು ತಪ್ಪಲ್ಲ, ಅದಕ್ಕೇ ಇನ್ನಷ್ಟು ಉರಿಯಿತು. ಮೂರು ತಿಂಗಳು ಹಗ್ಗಜಗ್ಗಾಟ ನಡೆಯಿತು. ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ, ಅನ್ನ ಸೇರುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೂ ಮನಸ್ಸಿನಲ್ಲಿ ವಕೀಲರಿಗೆ ಉತ್ತರ ಕೊಡುತ್ತಿದ್ದೆ, ಪಕ್ಕದವರು ತಿರುಗಿ ನೋಡುತ್ತಿದ್ದರು. ಕೊನೆಗೆ ಒಂದು ದಾರಿಗೆ ಬಂದೆವು. ನಾಲ್ಕೂ ವಸ್ತುಗಳು ಕಂಪನಿಯ ಹೆಸರಿನಲ್ಲಿರಬೇಕು. ಕಂಪನಿಯಲ್ಲಿ ಅರ್ಧ ನಮ್ಮದು, ಅರ್ಧ ಅವರದು. ನನ್ನ ಪ್ರೋಗ್ರಾಂ ನನ್ನ ಕೈಬಿಟ್ಟು ಹೋಗಲಿಲ್ಲ ಎಂದು ನಾನು ಗೆದ್ದವಳ ಹಾಗೆ ಬೀಗಿದೆ. ಆ ಮೂರು ತಿಂಗಳಲ್ಲಿ ನಾಲ್ಕನೆಯ ವಸ್ತು ಯಾರದು ಎಂದು ನಾನು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಪ್ರೋಗ್ರಾಂ ನಮ್ಮಂಥ ಇನ್ನಾರಾದರೂ ಬರೆಯಬಹುದಿತ್ತು. ಯಂತ್ರ ಕಲಿತದ್ದು ಮಾತ್ರ ಆ ಜೆಟ್ಟಿಯ ಕೈಗಳಿಂದ.

ಕೇಳಿದ್ದು ಎದುರು ಪಕ್ಷದ ವಕೀಲರು. ಕರಾರಿಗೆ ಸಹಿಯಾಗಬೇಕಾದ ಶನಿವಾರಕ್ಕೆ ಎರಡು ದಿನ ಮೊದಲು ಫೋನು ಮಾಡಿ, “ಫೋಟೋಗಳಿಗೆ ತೀರ್ಪು ಕೊಟ್ಟವರು ನಿಮ್ಮ ನೌಕರರೇ?” ಎಂದರು. ಅಲ್ಲ ಎಂದೆ. “ಹಾಗಾದರೆ ಅವರಿಗೆ ಗೊತ್ತಿರುವುದು ಅವರದ್ದೇ. ನಿಮ್ಮದಲ್ಲದ್ದನ್ನು ನೀವು ಕೊಡುವುದು ಹೇಗೆ? ಅವರಿಂದ ಒಂದು ಬಿಟ್ಟುಕೊಟ್ಟ ಪತ್ರ ತನ್ನಿ. ಒಕ್ಕಣೆ ನಾನು ಕಳಿಸುತ್ತೇನೆ.”

ಒಕ್ಕಣೆ ಇಂಗ್ಲಿಷಿನಲ್ಲಿತ್ತು, ಎರಡು ಪುಟ. ಅದಿರಿನ ಹಸಿ ಒಣ ತಿಳಿಯುವ ತಮ್ಮ ಪದ್ಧತಿಯ ಎಲ್ಲ ಹಕ್ಕನ್ನೂ ಈ ಕೆಳಗೆ ಸಹಿ ಮಾಡಿದವರು ಕಂಪನಿಗೆ ಬಿಟ್ಟುಕೊಟ್ಟಿದ್ದಾರೆ, ಇನ್ನು ಮುಂದೆ ಇದೇ ವ್ಯಾಪಾರದ ಬೇರೆ ಯಾರಿಗೂ ಅದನ್ನು ಒದಗಿಸತಕ್ಕದ್ದಲ್ಲ. ಓದಿದೆ. ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ಶುಕ್ರವಾರ ಮಧ್ಯಾಹ್ನ ಜೆಟ್ಟಿಗೆ ಹೋದೆ. ಎರಡು ಬಾರ್ಜು ಒಟ್ಟಿಗೆ ನಿಂತಿದ್ದವು, ಟಿಪ್ಪರುಗಳ ಸದ್ದು, ಕೆಂಪು ದೂಳು. ಮುಕಾದಮರಿಗೆ ಬರೆಯಲು ಬರುತ್ತಿದ್ದುದು ತಮ್ಮ ಹೆಸರು ಮತ್ತು ಅಂಕಿಗಳು ಮಾತ್ರ, ಅದೂ ಕನ್ನಡದಲ್ಲಿ. ಬರೆಯುವಾಗ ಅವರಿಗೊಂದು ಶಿಸ್ತಿತ್ತು. ಡ್ರಮ್ಮಿನ ನೀರಿನಲ್ಲಿ ಕೈ ತೊಳೆದು, ಟವೆಲಿಗೆ ಚೆನ್ನಾಗಿ ಒರೆಸಿಕೊಂಡು ಆಮೇಲೆ ಪೆನ್ನು ಹಿಡಿಯುವುದು.

“ಏನೈತ್ರಿ ಅಕ್ಕಾರ ಇದರಾಗ?” ಎಂದು ಕೇಳಿದರು, ಕೈ ಒರೆಸುತ್ತ.

“ಫೋಟೋದ ಕೆಲಸ ಮುಗೀತಲ್ರಿ ಕಾಕಾ, ಅದರ ಕಾಗದ,” ಎಂದೆ. “ಆಫೀಸಿನವ್ರು ಕೇಳ್ಯಾರ.”

ಅವರು ಕಾಗದವನ್ನಲ್ಲ, ನನ್ನನ್ನು ನೋಡಿದರು. ಸ್ವಲ್ಪ ಹೊತ್ತು ನೋಡಿದರು. ನಾನು ಟಿಪ್ಪರಿನ ಕಡೆ ತಿರುಗಿದೆ. ಪೆನ್ನು ಕೊಟ್ಟೆ. ಅವರು ಹೆಸರು ಬರೆದರು. ಬರೆದು, ಅದರ ಕೆಳಗೆ ೧೪ ಎಂದು ಹಾಕಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಿನಾ ಬೆಳಿಗ್ಗೆ ಗುತ್ತಿಗೆದಾರನ ಗುಮಾಸ್ತ ಹಾಜರಿ ಪುಸ್ತಕ ತರುತ್ತಿದ್ದ. ಹದಿನಾಲ್ಕು ಜನರೂ ಸಾಲಾಗಿ ನಿಂತು ಹೆಬ್ಬೆಟ್ಟು ಒತ್ತುತ್ತ ಹೋದರೆ ಟಿಪ್ಪರು ಕಾಯಬೇಕು. ಹಾಗಾಗಿ ಮುಕಾದಮರೊಬ್ಬರೇ ಸಹಿ ಮಾಡಿ, ಕೆಳಗೆ ಆ ದಿನ ಬಂದವರ ಸಂಖ್ಯೆ ಬರೆಯುವುದು ಆ ಜೆಟ್ಟಿಯ ರೂಢಿ. ಆ ಅಂಕಿ ಎಂದರೆ ಅಷ್ಟೂ ಜನರ ಸಹಿ. ವರ್ಷಗಟ್ಟಲೆಯ ಅಭ್ಯಾಸದಿಂದ ಅವರ ಕೈ ನನ್ನ ಕಾಗದದ ಮೇಲೂ ಹಾಗೇ ಓಡಿತು. ನಾನು ನೋಡಿದೆ, ಮುಗುಳ್ನಕ್ಕೆ, ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮರುದಿನ ಪಣಜಿಯಲ್ಲಿ ವಕೀಲರು ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, “ಹೆಸರಿನ ಕೆಳಗಿನ ಈ ಗುರುತೇನು?” ಎಂದರು. ಕನ್ನಡದ ಅಂಕಿ ಅವರಿಗೆ ಓದಲು ಬರುತ್ತಿರಲಿಲ್ಲ. ಏನೋ ಸೊಟ್ಟ ಗೆರೆ ಎಂದು ನಾನು ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮ ಜನರ ರೂಢಿ ನನಗೆಷ್ಟು ಗೊತ್ತು ಎಂದು ತೋರಿಸಿಕೊಳ್ಳುವ ಹುಚ್ಚು ನನಗೆ. ಹಾಜರಿ ಪುಸ್ತಕದ ಕತೆಯನ್ನೆಲ್ಲ ರಸವತ್ತಾಗಿ ಹೇಳಿದೆ. ಗ್ಯಾಂಗಿನವರೂ ಮುಟಗಿ ಮಾಡುತ್ತಿದ್ದರು ಎಂಬುದನ್ನೂ ಸೇರಿಸಿದೆ. ವಕೀಲರು ಕನ್ನಡಕ ತೆಗೆದು ನನ್ನನ್ನು ನೋಡಿ, “ಬಹಳ ಒಳ್ಳೆಯದಾಯಿತು,” ಎಂದರು. ಅಂಚಿನಲ್ಲಿ ಆ ಹದಿನಾಲ್ಕರ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆದು, ನನ್ನಿಂದ ಸಾಕ್ಷಿ ಸಹಿ ಹಾಕಿಸಿಕೊಂಡರು. ಗೆಳೆಯ ಹೊರಗೆ ಬಂದಮೇಲೆ, “ಅವರಿಗೆ ಎಲ್ಲವನ್ನೂ ವಿವರಿಸಿ ಹೇಳಿದ್ದೀಯಲ್ಲ?” ಎಂದು ಕೇಳಿದ. ಹೇಳಿದ್ದೇನೆ ಎಂದೆ.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಹೊಸ ಕಂಪ್ಯೂಟರು ಬಂದವು. ಆದರೆ ನನ್ನ ಚಡಪಡಿಕೆ ಕಡಿಮೆಯಾಗಲಿಲ್ಲ. ಜೆಟ್ಟಿಗೆ ಹೋಗುವುದನ್ನು ಬಿಟ್ಟುಬಿಟ್ಟೆ, ಕೆಲಸವಿಲ್ಲ ಎಂಬ ನೆಪ. ವಾಸ್ಕೋಗೆ ಹೋಗಬೇಕಾದರೆ ಗೆಳೆಯನನ್ನು ಕಳಿಸುತ್ತಿದ್ದೆ.

ಒಂದು ಬೆಳಿಗ್ಗೆ ಮುಕಾದಮರೇ ಕುಂಡಯಿಗೆ ಬಂದರು. ಎರಡು ಬಸ್ಸು ಬದಲಿಸಿ, ಕೇಳುತ್ತ ಕೇಳುತ್ತ ಬಂದಿದ್ದರು. ಬಿಳಿ ಅಂಗಿ ತೊಟ್ಟಿದ್ದರು. ಕೆಂಪು ದೂಳಿಲ್ಲದ ಅವರನ್ನು ನಾನು ಅದೇ ಮೊದಲು ನೋಡಿದ್ದು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲೊಂದು ಲಕೋಟೆ.

“ಇದನ್ನ ಓದಿ ಹೇಳ್ರಿ ಅಕ್ಕಾರ. ಇಂಗ್ಲೀಷ್ ಐತಿ.”

ಆಗಿದ್ದು ಇಷ್ಟು. ನದಿಯ ಮೇಲ್ಭಾಗದ ಇನ್ನೊಂದು ಜೆಟ್ಟಿಯವರು ಅವರನ್ನು ಗ್ಯಾಂಗಿನ ಸಮೇತ ಕರೆದಿದ್ದರು. ದಿನಗೂಲಿಯಲ್ಲ, ಕಾಯಂ ಕೆಲಸ, ಹದಿನಾಲ್ಕು ಜನರಿಗೂ. ಅವರನ್ನು ಕರೆದದ್ದೇ ಮುಟಗಿಗಾಗಿ. ಹಸಿ ಅದಿರಿನ ಬಗ್ಗೆ ಹಡಗಿನವರು ಆಗ ಬಹಳ ಎಚ್ಚರ ವಹಿಸುತ್ತಿದ್ದರು. ಅಷ್ಟರಲ್ಲಿ ಸುದ್ದಿ ಮಡಗಾಂವಿಗೆ ಮುಟ್ಟಿ, ಪಣಜಿಯ ವಕೀಲರಿಂದ ನೋಟಿಸು ಹೋಗಿತ್ತು. ಈ ಪದ್ಧತಿ ನಮ್ಮ ಕಂಪನಿಯ ಬೌದ್ಧಿಕ ಆಸ್ತಿ, ಮುಕಾದಮರೂ ಅವರ ಹದಿನಾಲ್ಕು ಜನರೂ ಅದನ್ನು ಬರೆದುಕೊಟ್ಟಿದ್ದಾರೆ, ಬೇರೆ ಕಡೆ ಬಳಸಿದರೆ ಕೋರ್ಟಿಗೆ ಹೋಗುತ್ತೇವೆ. ಹೊಸ ಜೆಟ್ಟಿಯವರು ಹೆದರಿ, ಇದನ್ನು ಬಗೆಹರಿಸಿಕೊಂಡು ಬನ್ನಿ ಎಂದಿದ್ದರು. ನೋಟಿಸಿನ ಮೇಲ್ಭಾಗದಲ್ಲಿ ನಮ್ಮ ಕಂಪನಿಯ ಹೆಸರಿತ್ತು. ನಮಗೆ ಅದರ ಪ್ರತಿಯೂ ಬಂದಿರಲಿಲ್ಲ.

ಓದಿ ಹೇಳಿದೆ. ಕನ್ನಡದಲ್ಲಿ ಹೇಳುತ್ತ ಹೋದ ಹಾಗೆ ಆ ಮಾತುಗಳು ನನ್ನ ಬಾಯಲ್ಲೇ ಹುಚ್ಚುಮಾತಾಗಿ ಕೇಳಿಸಿದವು. ಅವರು ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೇಳಿದರು.

“ಅಂದ್ರ ನಾ ಮಣ್ಣ ಹಿಚುಕಿ ನೋಡಬಾರದೇನ್ರಿ?”

“ಈಗಿರೋ ಜೆಟ್ಟಿಯೊಳಗ ನೋಡಬಹುದ್ರಿ. ಬ್ಯಾರೆ ಕಡೆ ನೋಡಬಾರದು ಅಂತಾರ.”

“ನನ್ನ ಹುಡುಗ್ರೂ?”

“ನೀವು ಕೆಳಗ ಹದಿನಾಲ್ಕ ಅಂತ ಬರದಿದ್ರಲ್ಲ ಕಾಕಾ.”

“ಅದು ಹಾಜರಿ ಅಂತ ಬರದಿದ್ನಿ,” ಎಂದರು. “ಅವ್ರಿಗೆ ಏನಂತ ಹೇಳ್ಲಿ ಈಗ?” ನನ್ನನ್ನು ಬೈದಿದ್ದರೆ ನಾನೂ ಏನಾದರೂ ಒಂದು ಮಾತಾಡಿ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು, ಚಹಾ ಕುಡಿಯದೆ ಎದ್ದು ಹೋದರು.

ಗೆಳೆಯನಿಗೆ ಎಲ್ಲವನ್ನೂ ಹೇಳಿದೆ, ಸುಳ್ಳು ಹೇಳಿದ್ದನ್ನೂ ಸೇರಿಸಿ. ಆ ಕಾಗದ ರದ್ದಾಗಲು ಇದ್ದದ್ದು ಒಂದೇ ದಾರಿ: ಅದರಲ್ಲಿ ಏನಿದೆಯೆಂದು ಹೇಳದೆ ನಾನು ಸಹಿ ಹಾಕಿಸಿಕೊಂಡೆ ಎಂದು ನಾನೇ ಬರೆದುಕೊಡುವುದು. ಬರೆದುಕೊಟ್ಟರೆ, ನಮ್ಮದಲ್ಲದ್ದನ್ನು ನಮ್ಮದೆಂದು ಮಾರಿದ್ದೇವೆ ಎಂದು ಒಪ್ಪಿಕೊಂಡಂತೆ. ಕರಾರೇ ಬೀಳುತ್ತದೆ, ಕಂಪನಿಯೂ.

“ನೋಟಿಸು ಎಂದರೆ ಬರೀ ಬೆದರಿಕೆ,” ಎಂದ. “ಕೂಲಿಯವರ ಮೇಲೆ ಯಾರೂ ದಾವೆ ಹೂಡುವುದಿಲ್ಲ. ಸ್ವಲ್ಪ ತಾಳು. ನನ್ನ ಮೂರು ವರ್ಷವೂ ಇದರಲ್ಲಿದೆ, ನಿನ್ನದೊಂದೇ ಅಲ್ಲ.”

“ತಾಳಿದ್ರ ಆ ಜೆಟ್ಟಿಯವರು ಬ್ಯಾರೆ ಗ್ಯಾಂಗ್ ತಗೋತಾರ.”

“ಹಾಗಾದರೆ ಅದನ್ನು ಅವತ್ತೇ ಯೋಚಿಸಬೇಕಿತ್ತು.”

ಅವನು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಮೂರು ದಿನ ನಾನು ಮನೆಯ ಅಂಗಳದಲ್ಲಿ ಶತಪಥ ಹಾಕಿದೆ. ಬರೆಯುತ್ತೇನೆ, ಬರೆಯುವುದಿಲ್ಲ. ಹಾಲು ಉಕ್ಕಿ ಒಲೆ ಆರಿತು, ಸ್ಕೂಟರಿನ ಕೀಲಿ ಎಲ್ಲಿಟ್ಟೆನೋ ಮರೆಯಿತು. ನಾಲ್ಕನೆಯ ದಿನ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಎಂಬ ನೆಪ ಸಿಕ್ಕಿತು. ಧಾರವಾಡದ ಬಸ್ಸು ಹತ್ತಿದೆ. ಓಡಿಹೋಗುತ್ತಿದ್ದೆ, ಬೇರೆ ಹೆಸರು ಅದಕ್ಕಿಲ್ಲ.

ಮೊಲೆಂನಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಚೆಕ್‌ಪೋಸ್ಟಿನಲ್ಲಿ ಅದಿರಿನ ಲಾರಿಗಳ ಸಾಲು. ನಮ್ಮ ಬಸ್ಸಿನ ಹಿಂದಿನ ಸೀಟುಗಳಿಂದ ಗಂಟುಮೂಟೆ ಹೊತ್ತ ಒಂದಷ್ಟು ಜನ ಕೆಳಗಿಳಿದರು. ಕುಂಡಯಿಯ ಯಾವುದೋ ಕಾರ್ಖಾನೆಯಲ್ಲಿ ಕೆಲಸ ಹೋಗಿ ಊರಿಗೆ ಹೊರಟವರು. ಅವರಲ್ಲೊಬ್ಬ ಹೆಂಗಸು ನಲ್ಲಿಯ ಹತ್ತಿರ ಕೂತು ಬುತ್ತಿ ಬಿಚ್ಚಿ, ನನ್ನನ್ನು ನೋಡಿ, “ಬರ್ರಿ, ಮುಟಗಿ ಐತಿ, ಒಂದ ತಿನ್ನ ಬರ್ರಿ,” ಎಂದಳು. ಗುರುತು ಪರಿಚಯ ಏನೂ ಇಲ್ಲ, ನಮ್ಮ ಕಡೆಯವಳ ಮುಖ ಕಂಡಿತೆಂದು ಕರೆದಳು. ಕೈಗೆ ತೆಗೆದುಕೊಂಡೆ. ಅವಳ ಬೆರಳಿನ ಗುರುತು ಅದರ ಮೇಲೆ ಹಾಗೇ ಇತ್ತು. ನನಗೆ ಅದನ್ನು ಬಾಯಿಗಿಡಲಾಗಲಿಲ್ಲ. ಅಳು ಬಂತು. ಆ ಹೆಂಗಸು ಗಾಬರಿಯಾಗಿ ನೀರು ಕೊಟ್ಟಳು. ಬಸ್ಸಿನ ಕಂಡಕ್ಟರು ಎರಡು ಸಲ ಕೂಗಿದ. ನಾನು ಚೀಲ ಇಳಿಸಿಕೊಂಡು, ರಸ್ತೆ ದಾಟಿ, ಫೋಂಡಾ ಕಡೆಗೆ ಹೋಗುವ ಬಸ್ಸು ಹಿಡಿದೆ.

ಪತ್ರ ಬರೆದೆ. ಇಂಗ್ಲಿಷಿನಲ್ಲೊಂದು, ಕನ್ನಡದಲ್ಲೊಂದು. ಅದರಿಂದ ಮುಂದೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ವಕೀಲರು ನೋಟಿಸು ಹಿಂದಕ್ಕೆ ತೆಗೆದುಕೊಂಡರು. ನನ್ನ ಪತ್ರದ ಎದುರು ಅವರ ಕಾಗದ ನಿಲ್ಲುತ್ತಿರಲಿಲ್ಲ. ಗ್ಯಾಂಗಿಗೆ ಹೊಸ ಜೆಟ್ಟಿಯ ಕೆಲಸ ಸಿಕ್ಕಿತು, ಗಣಿಗಳೇ ನಿಂತುಹೋದ ವರ್ಷದವರೆಗೂ ಅವರು ಅಲ್ಲಿದ್ದರು. ಮಡಗಾಂವಿನ ಹೂಡಿಕೆದಾರರು ಸಿಟ್ಟು ಮಾಡಲಿಲ್ಲ. ಪತ್ರವನ್ನು ಎರಡು ಸಲ ಓದಿ, “ಹಾಗಾದರೆ ನಾನು ಕೊಂಡದ್ದೇನು?” ಎಂದು ಕೇಳಿದರು, ನಿಜವಾಗಿಯೂ ತಿಳಿಯಬೇಕು ಎನ್ನುವವರ ಹಾಗೆ. ಕಂಪನಿ ಮುಚ್ಚಿತು. ಗೆಳೆಯ ಪುಣೆಗೆ ಹೋದ. ಪ್ರತಿ ಯುಗಾದಿಗೆ ಒಂದು ಸಾಲಿನ ಸಂದೇಶ ಕಳಿಸುತ್ತಾನೆ, ಅಷ್ಟೇ. ಅವನ ಮೂರು ವರ್ಷವನ್ನು ನಾನು ಹಾಳುಮಾಡಿದೆ, ಅದನ್ನು ಬರೆದುಕೊಡಲು ಯಾವ ಪತ್ರವೂ ಇಲ್ಲ.

ಆದರೆ ಮಡಗಾಂವಿಗೆ ಹೋಗುವ ಮೊದಲು ಆ ಪತ್ರವನ್ನು ನಾನು ಜೆಟ್ಟಿಗೆ ಒಯ್ದಿದ್ದೆ. ಊಟದ ಬಿಡುವು. ಮುಕಾದಮರು ತಗಡಿನ ನೆರಳಿನಲ್ಲಿ ಕೂತಿದ್ದರು. ಎದುರಿಗೆ ನಿಂತೇ ಓದಿದೆ. ಇಂಥ ದಿನ ನಾನು ಇವರಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡೆ. ಅದರಲ್ಲಿ ಏನಿದೆಯೆಂದು ಇವರು ಕೇಳಿದರು. ನನಗೆ ಗೊತ್ತಿತ್ತು, ಹೇಳಲಿಲ್ಲ. ಅದು ಬೇರೆ ಕಾಗದವೆಂದು ಇವರು ತಿಳಿಯುವಂತೆ ಮಾತಾಡಿದೆ. ಇವರಿಗೆ ಗೊತ್ತಿರುವ ವಿದ್ಯೆ ಇವರದು.

ಕೇಳಿ ಮುಗಿಸಿ ತಲೆಯಾಡಿಸಿದರು. “ಅವತ್ತ ನಾ ಕೈ ಒರಸ್ಕೊಂಡು ಪೆನ್ನ ಹಿಡದಿದ್ನಿ,” ಎಂದರು. “ಪೆನ್ನ ಹಸೀ ಇತ್ತು. ನಿಮ್ಮ ಕೈ ಬೆವತಿತ್ತು, ಅಕ್ಕಾರ. ಏನೋ ಐತಿ, ಹೇಳ್ತಾರ ಅಂತ ನಿಂತಿದ್ನಿ.”

“ಗೊತ್ತಿದ್ರೂ ಯಾಕ ಸಹಿ ಮಾಡಿದ್ರಿ ಕಾಕಾ?”

ಅವರು ಎದ್ದು, ಊಟ ಮಾಡುತ್ತಿದ್ದ ಗ್ಯಾಂಗನ್ನು ಕೂಗಿ ಕರೆದರು. ಪತ್ರದ ಕೆಳಗೆ, ಇದನ್ನು ನಮಗೆ ಓದಿ ಹೇಳಲಾಗಿದೆ ಎಂಬ ಸಾಲಿತ್ತು, ಅವರ ಸಹಿಗೆ ಜಾಗವಿತ್ತು. ನಾನು ಒಬ್ಬರ ಸಹಿಗಷ್ಟೇ ಜಾಗ ಬಿಟ್ಟಿದ್ದೆ. “ಈ ಸಲ ನಾ ಹದಿನಾಲ್ಕು ಅಂತ ಬರಿಯೂದಿಲ್ರಿ,” ಎಂದರು. “ಒಬ್ಬೊಬ್ರಿಗೂ ಓದಿ ಹೇಳ್ರಿ. ಅವರವರ ಹೆಬ್ಬಟ್ಟು ಅವರವರಽ ಒತ್ತಲಿ.”

ಓದಿದೆ. ಒಬ್ಬರು ಬಂದು ಎದುರು ನಿಲ್ಲುವುದು, ನಾನು ಮೊದಲಿನಿಂದ ಕೊನೆಯವರೆಗೆ ಓದುವುದು, ಅವರು ಹೆಬ್ಬೆಟ್ಟು ಒತ್ತಿ ಪಕ್ಕಕ್ಕೆ ಸರಿಯುವುದು. ನನಗೆ ಗೊತ್ತಿತ್ತು, ಹೇಳಲಿಲ್ಲ. ನಾಲ್ಕನೆಯವರ ಹೊತ್ತಿಗೆ ಮುಕಾದಮರು ನೀರಿನ ತಂಬಿಗೆ ಮುಂದಿಟ್ಟರು. ಅವಸರ ಮಾಡಲು ಬಿಡಲಿಲ್ಲ, ಒಂದು ಸಾಲು ನುಂಗಿದರೂ ಮತ್ತೆ ಓದಿಸಿದರು. ಟಿಪ್ಪರುಗಳು ಕಾದವು. ಕೊನೆಯವರು ಗ್ಯಾಂಗಿನ ಹಿರಿಯರು, ಮುಕಾದಮರಿಲ್ಲದಾಗ ಮುಟಗಿ ಮಾಡುತ್ತಿದ್ದವರು. ಪೂರ್ತಿ ಕೇಳಿ, “ಅವತ್ತ ಯಾಕ ಹೇಳ್ಲಿಲ್ರಿ?” ಎಂದರು.

“ಹೇಳಿದ್ರ ಕಾಕಾ ಸಹಿ ಮಾಡೂದಿಲ್ಲ ಅಂತ,” ಎಂದೆ.

ಮುಕಾದಮರು ಅಷ್ಟರಲ್ಲಿ ಡ್ರಮ್ಮಿನಲ್ಲಿ ಕೈ ತೊಳೆದು ಬಂದಿದ್ದರು. ಪೆನ್ನಿಗಾಗಿ ಕೈ ಚಾಚಿದರು.

“ಮಾಡ್ತಿದ್ನಲ್ಲ,” ಎಂದರು. “ಕೇಳಿದ್ರ ಕೊಡ್ತಿದ್ನಿ.”

ಹೆಸರು ಬರೆದರು. ಅದರ ಕೆಳಗೆ ಏನೂ ಬರೆಯಲಿಲ್ಲ. ಪೆನ್ನನ್ನು ಟವೆಲಿಗೆ ಒರೆಸಿ ನನಗೆ ಹಿಂದಕ್ಕೆ ಕೊಟ್ಟು, ಗ್ಯಾಂಗಿನ ಜೊತೆ ಬಾರ್ಜಿನ ಕಡೆ ನಡೆದರು.